ನಿಂತ ಮುದ್ರಣ ಸೇವೆಯನ್ನು ತಾನಾಗಿ ಪುನರಾರಂಭಿಸುವ ವ್ಯವಸ್ಥೆ: ಸದಸ್ಯರ ಅಧ್ಯಯನಕ್ಕಾಗಿ

ಗಣಕಯಂತ್ರದಲ್ಲಿ ನಮೂನೆ 9 ಸಿದ್ಧವಾಗಿರುತ್ತದೆ, ಪ್ರಿಂಟರಿನಲ್ಲಿ ಕಾಗದವಿರುತ್ತದೆ, ದೀಪವೂ ಉರಿಯುತ್ತಿರುತ್ತದೆ. ಆದರೂ ಹಾಳೆ ಹೊರಬರುವುದಿಲ್ಲ. ಇಂತಹ ಸಂದರ್ಭದಲ್ಲಿ ಅರ್ಜಿದಾರರಿಗೆ "ಸರ್ವರ್ ಇಲ್ಲ, ನಾಳೆ ಬನ್ನಿ" ಎಂಬ ಉತ್ತರ ಸುಲಭವಾಗಿ ದೊರೆಯುತ್ತದೆ. ಅದು ಅನೇಕ ಬಾರಿ ನಿಜವೇ ಆಗಿದ್ದರೂ, ಕೆಲವೊಮ್ಮೆ ದೋಷವಿರುವುದು ಕಚೇರಿಯ ಮೇಜಿನ ಮೇಲಿನ ಯಂತ್ರದಲ್ಲಿಯೇ. ಸಕಾಲದಡಿ ಸ್ವೀಕೃತವಾದ ಅರ್ಜಿಯ ಕಾಲಮಿತಿಯು ಪ್ರಿಂಟರ್ ಕೆಟ್ಟಿದೆಯೆಂದು ಕಾಯುವುದಿಲ್ಲ. ವಿಳಂಬವಾದ ಪ್ರತಿ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿಗಳವರೆಗೆ ಪರಿಹಾರ ವೆಚ್ಚ ಕೇಳಲು ಅರ್ಜಿದಾರರಿಗೆ ಅವಕಾಶವಿದೆ. ಆದುದರಿಂದ ಈ ವಿಷಯವನ್ನು ಡಾಟಾ ಎಂಟ್ರಿ ಆಪರೇಟರ್‌ಗೆ ಮಾತ್ರ ಸಂಬಂಧಿಸಿದ್ದೆಂದು ಬಿಡಲಾಗದು.

ವಿಂಡೋಸ್ ಯಂತ್ರಗಳಲ್ಲಿ ಪ್ರಿಂಟ್ ಸ್ಪೂಲರ್ ಎಂಬ ಸೇವೆಯೊಂದು ಕಣ್ಣಿಗೆ ಕಾಣದಂತೆ ಹಿನ್ನೆಲೆಯಲ್ಲಿ ನಡೆಯುತ್ತಿರುತ್ತದೆ. ಮುದ್ರಣಕ್ಕೆ ಕಳುಹಿಸಿದ ಕಡತಗಳನ್ನು ಸಾಲಾಗಿ ಇರಿಸಿಕೊಂಡು ಒಂದೊಂದಾಗಿ ಪ್ರಿಂಟರಿಗೆ ನೀಡುವುದು ಅದರ ಕೆಲಸ. ಪ್ರಿಂಟರಿನ ಡ್ರೈವರ್ ತಂತ್ರಾಂಶ ಕೆಟ್ಟಿದ್ದರೆ ಅಥವಾ ವಿದ್ಯುತ್ ಹೋಗಿ ಕಡತವೊಂದು ಅರ್ಧಕ್ಕೇ ಉಳಿದು ದೋಷಗೊಂಡರೆ ಈ ಸೇವೆ ನಿಂತುಹೋಗಬಹುದು.

ನಿಂತದ್ದನ್ನು ಮತ್ತೆ ನಡೆಸಲು ಎರಡು ದಾರಿಗಳಿವೆ. ಮೊದಲನೆಯದು ವಿಂಡೋಸ್‌ನಲ್ಲಿಯೇ ಅಡಕವಾಗಿದೆ. ಸೇವೆಯ ಗುಣಲಕ್ಷಣಗಳ ಪುಟದಲ್ಲಿ 'ರಿಕವರಿ' ಎಂಬ ವಿಭಾಗವಿದ್ದು, ಮೊದಲ ವೈಫಲ್ಯ, ಎರಡನೆಯ ವೈಫಲ್ಯ ಹಾಗೂ ನಂತರದ ವೈಫಲ್ಯಗಳಲ್ಲಿ ಏನು ಮಾಡಬೇಕೆಂದು ಅಲ್ಲಿ ಸೂಚಿಸಬಹುದು. ಆದರೆ ಸೇವೆಯು ಅನಿರೀಕ್ಷಿತವಾಗಿ ಕುಸಿದಾಗ ಮಾತ್ರ ಇದು ಕೆಲಸ ಮಾಡುತ್ತದೆ. ಯಾರೋ ನಿಲ್ಲಿಸಿ ಮರೆತುಹೋದ ಸೇವೆಯನ್ನು ಇದು ಎಬ್ಬಿಸುವುದಿಲ್ಲ. ಅದಕ್ಕಾಗಿ ಎರಡನೆಯ ದಾರಿ ಬೇಕು. ನಾಲ್ಕಾರು ಸಾಲಿನ ಒಂದು ಸ್ಕ್ರಿಪ್ಟ್ ಬರೆದು, 'ಟಾಸ್ಕ್ ಶೆಡ್ಯೂಲರ್' ಮೂಲಕ 5 ನಿಮಿಷಕ್ಕೊಮ್ಮೆ ಅದು ಓಡುವಂತೆ ಗೊತ್ತುಪಡಿಸಲಾಗುತ್ತದೆ. ಸ್ಕ್ರಿಪ್ಟ್ ಪ್ರತಿ ಬಾರಿಯೂ ಸ್ಪೂಲರ್ ನಡೆಯುತ್ತಿದೆಯೇ ಎಂದು ವಿಚಾರಿಸುತ್ತದೆ. ನಡೆಯುತ್ತಿದ್ದರೆ ಸುಮ್ಮನಾಗುತ್ತದೆ, ನಿಂತಿದ್ದರೆ 'ನೆಟ್ ಸ್ಟಾರ್ಟ್ ಸ್ಪೂಲರ್' ಎಂಬ ಆದೇಶ ನೀಡುತ್ತದೆ.

ಇಷ್ಟಕ್ಕೇ ಸಮಸ್ಯೆ ಬಗೆಹರಿಯಿತೆಂದು ಭಾವಿಸುವವರು ಕುಡಿಯುವ ನೀರಿನ ಕೊಳವೆಬಾವಿಗೆ ಅಳವಡಿಸುವ ಆಟೋ ಸ್ಟಾರ್ಟರ್ ಅನ್ನು ನೆನೆಯಬೇಕು. ಕರೆಂಟ್ ಬಂದೊಡನೆ ಅದು ಮೋಟಾರನ್ನು ತಾನಾಗಿ ನಡೆಸುತ್ತದೆ, ವಾಟರ್‌ಮನ್ ರಾತ್ರಿ ಎದ್ದು ಹೋಗುವುದು ತಪ್ಪುತ್ತದೆ. ಆದರೆ ಬಾವಿಯಲ್ಲಿ ನೀರಿಲ್ಲದಾಗಲೂ ಅದು ಮೋಟಾರನ್ನು ಓಡಿಸಿದರೆ ಕಾಯಿಲ್ ಸುಡುತ್ತದೆ, ರಿಪೇರಿಯ ಬಿಲ್ಲು ಪಂಚಾಯಿತಿಗೆ ಬರುತ್ತದೆ. ಸ್ಪೂಲರ್‌ನ ಸಂಗತಿಯೂ ಬಹುಮಟ್ಟಿಗೆ ಹೀಗೆಯೇ. ದೋಷಗೊಂಡ ಕಡತ ಸಾಲಿನ ಮೊದಲಲ್ಲಿಯೇ ಕುಳಿತಿದ್ದರೆ, ಪುನರಾರಂಭಗೊಂಡ ಸೇವೆ ಅದನ್ನೇ ಮೊದಲು ಕೈಗೆತ್ತಿಕೊಂಡು ಮತ್ತೆ ಬೀಳುತ್ತದೆ. ಐದು ನಿಮಿಷದ ಬಳಿಕ ಎದ್ದು ಪುನಃ ಬೀಳುತ್ತದೆ. ದಿನವಿಡೀ ಹೀಗೆ ನಡೆದರೂ ಒಂದು ಹಾಳೆಯೂ ಹೊರಬರುವುದಿಲ್ಲ. ಸ್ಪೂಲರ್‌ನ ಫೋಲ್ಡರ್ ತೆರೆದು ಆ ಕಡತವನ್ನು ತೆಗೆಯುವುದು, ಡ್ರೈವರ್ ಬದಲಿಸುವುದು ಮನುಷ್ಯರೇ ಮಾಡಬೇಕಾದ ಕೆಲಸ. ಫೋಲ್ಡರನ್ನು ಪೂರ್ತಿ ಬರಿದುಮಾಡಿದರೆ ಬಾಕಿಯಿದ್ದ ಇತರರ ಮುದ್ರಣಗಳೂ ಹೋಗುತ್ತವೆ. ಅವನ್ನು ಗುರುತು ಹಾಕಿಕೊಂಡು ಮರಳಿ ಕಳುಹಿಸಬೇಕಾಗುತ್ತದೆ.

ಆದುದರಿಂದ ಸ್ಕ್ರಿಪ್ಟ್‌ಗೆ ಮಿತಿಯೂ ಇರಬೇಕು, ದಾಖಲೆಯೂ ಇರಬೇಕು. ಒಂದು ಗಂಟೆಯಲ್ಲಿ ಮೂರು ಬಾರಿ ಎಬ್ಬಿಸಿಯೂ ಸೇವೆ ನಿಲ್ಲುತ್ತಿದ್ದರೆ, ಪ್ರಯತ್ನ ಬಿಟ್ಟು ಪರದೆಯ ಮೇಲೆ ಸೂಚನೆ ತೋರಿಸುವಂತೆ ಅದನ್ನು ಬರೆಯಿಸುವುದು ಸೂಕ್ತ. ಎಬ್ಬಿಸಿದ ಪ್ರತಿ ಸಲವೂ ದಿನಾಂಕ ಮತ್ತು ವೇಳೆ ಒಂದು ಕಡತಕ್ಕೆ ಸೇರಬೇಕು. ದಾಖಲೆಯಿಲ್ಲದ ಸ್ಕ್ರಿಪ್ಟ್ ರೋಗವನ್ನು ಮುಚ್ಚಿಡುತ್ತದೆ. ಕಚೇರಿಯಲ್ಲಿ ಯಾರಿಗೂ ತೊಂದರೆ ಕಾಣದ ಕಾರಣ ಡ್ರೈವರ್ ಬದಲಾಗುವುದಿಲ್ಲ, ಯುಪಿಎಸ್ ಬ್ಯಾಟರಿಯ ಬೇಡಿಕೆಯೂ ಸಭೆಗೆ ಬರುವುದಿಲ್ಲ. ವಿಂಡೋಸ್ ತಾನೂ 'ಈವೆಂಟ್ ವ್ಯೂವರ್'ನಲ್ಲಿ ಲೆಕ್ಕವಿಡುತ್ತದೆ. ಅಲ್ಲಿ ಸಿಸ್ಟಮ್ ವಿಭಾಗದ 7031 ಮತ್ತು 7034 ಸಂಖ್ಯೆಯ ನಮೂದುಗಳು ಸೇವೆಗಳು ಅನಿರೀಕ್ಷಿತವಾಗಿ ನಿಂತದ್ದನ್ನು ಹೇಳುತ್ತವೆ.

ಭದ್ರತೆಯ ಮಾತನ್ನು ಅಲಕ್ಷಿಸುವಂತಿಲ್ಲ. ಇಂತಹ ಸ್ಕ್ರಿಪ್ಟ್ ಯಂತ್ರದ ಅತ್ಯುನ್ನತ ಅಧಿಕಾರದಲ್ಲಿ ಓಡುತ್ತದೆ. ಅದನ್ನು ಎಲ್ಲರೂ ತಿದ್ದಬಹುದಾದ ಜಾಗದಲ್ಲಿ ಇರಿಸಿದರೆ, ಕಿಡಿಗೇಡಿಯೊಬ್ಬ ಸೇರಿಸಿದ ಒಂದು ಸಾಲು ಕೂಡ ಅದೇ ಅಧಿಕಾರದಲ್ಲಿ ಓಡುತ್ತದೆ. ಸೇವೆಯನ್ನು ಬೇಕೆಂದೇ ನಿಲ್ಲಿಸಬೇಕಾದ ಸಂದರ್ಭವೂ ಉಂಟು. 2021ರಲ್ಲಿ ಸ್ಪೂಲರ್‌ನಲ್ಲಿಯೇ 'ಪ್ರಿಂಟ್‌ನೈಟ್‌ಮೇರ್' ಎಂಬ ಗಂಭೀರ ಭದ್ರತಾ ಲೋಪ ಬಯಲಾದಾಗ, ತಿದ್ದುಪಡಿ ದೊರೆಯುವವರೆಗೆ ಅಗತ್ಯವಿಲ್ಲದೆಡೆ ಅದನ್ನು ನಿಷ್ಕ್ರಿಯಗೊಳಿಸುವ ಸಲಹೆ ಹೊರಬಿದ್ದಿತ್ತು. ಬರಿದೆ ನಿಲ್ಲಿಸಿದ ಸೇವೆಯನ್ನು ಸ್ಕ್ರಿಪ್ಟ್ ಮರಳಿ ಎಬ್ಬಿಸಿಬಿಡುತ್ತದೆ. 'ಡಿಸೇಬಲ್ಡ್' ಎಂದು ಗುರುತಿಸಿದ ಸೇವೆಗೆ ನೆಟ್ ಸ್ಟಾರ್ಟ್ ಆದೇಶ ತಾಗುವುದಿಲ್ಲ.

ಸದಸ್ಯರು ಸ್ಕ್ರಿಪ್ಟ್ ಬರೆಯಬೇಕಾಗಿಲ್ಲ. ತಮ್ಮ ಪಂಚಾಯಿತಿಯ ಯಂತ್ರದಲ್ಲಿ ಇಂತಹ ವ್ಯವಸ್ಥೆ ಇದೆಯೇ, ಅದನ್ನು ಅಳವಡಿಸಿದವರು ಯಾರು, ಕಳೆದ ತಿಂಗಳು ಸೇವೆ ಎಷ್ಟು ಬಾರಿ ನಿಂತಿತು ಎಂಬುದನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರಿಂದ ಮಾಸಿಕ ಸಭೆಯಲ್ಲಿ ಕೇಳಿ, ಉತ್ತರವನ್ನು ನಡಾವಳಿಯಲ್ಲಿ ದಾಖಲಿಸಬಹುದು. ಆ ಸಂಖ್ಯೆ ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ ನಿರ್ವಹಣಾ ವೆಚ್ಚದ ಪ್ರಸ್ತಾವನೆಗೆ ಅದೇ ಆಧಾರವಾಗುತ್ತದೆ.