ಬೆಲ್ಲ ಯಾರ ಮನೆ ನಾಯಿ?

ಈ ಸಲದ ದೀಪಾವಳಿ ರಾತ್ರಿ ಹತ್ತೂವರೆಗೆ ಫೋನ್ ಬಂತು. "ಅಕ್ಕಾ, ಬೆಲ್ಲ ಕಾಣಿಸ್ತಿಲ್ಲ. ಹಿಂದಿನ ಗೇಟ್ ತೆರೆದಿತ್ತು, ಪಟಾಕಿ ಸದ್ದಿಗೆ ಓಡಿಹೋಗಿದೆ." ಮಾರ್ಚ್‌ನಲ್ಲಿ ದಾವಣಗೆರೆಯಿಂದ ಬಂದ ಮನೆಯವರು. ಹಿಂದೆ ಅವರ ಏಳು ವರ್ಷದ ಮಗಳು ಬಿಕ್ಕುವುದು ಕೇಳುತ್ತಿತ್ತು.

"ಹೆದರಬೇಡಿ, ಚಿಪ್ ಇದೆಯಲ್ಲ, ಸಿಕ್ಕೇ ಸಿಗುತ್ತೆ" ಅಂದೆ. ಆ ಮಾತು ಹೇಳಿದ್ದಕ್ಕೆ ನನಗೆ ಇವತ್ತಿಗೂ ಬೇಸರವಿದೆ.

ಬೆಲ್ಲನನ್ನು ಅವರ ಮನೆಗೆ ಸೇರಿಸಿದವಳು ನಾನೇ. ಎಂಟು ವರ್ಷ ಅದನ್ನು ಸಾಕಿದ್ದ ಕುಟುಂಬ ಜೂನ್‌ನಲ್ಲಿ ಬೆಂಗಳೂರಿಗೆ ವಾಪಸಾಯಿತು. ವಯಸ್ಸಾದ ಪ್ರಾಣಿಯನ್ನು ವಿಮಾನಕ್ಕೆ ಹತ್ತಿಸಲು ಅವರಿಗೆ ಮನಸ್ಸು ಬರಲಿಲ್ಲ. ಹೊಸಬರ ಮಗಳಿಗೆ ಇಲ್ಲಿ ಇನ್ನೂ ಜೊತೆಗಾರರಿರಲಿಲ್ಲ. ಒಂದು ಭಾನುವಾರ ನಮ್ಮ ಮನೆಯಲ್ಲಿ ಚಿತ್ರಾನ್ನ ತಿನ್ನುತ್ತಾ ಮಾತು ಮುಗಿಯಿತು. ಹಗ್ಗ, ಹಾಸಿಗೆ, ಇಂಜೆಕ್ಷನ್ ಕಾರ್ಡ್, ಅದು ಕಚ್ಚಿ ಹರಿದ ಗೊಂಬೆ, ಎಲ್ಲ ಕೈಬದಲಾಯಿತು. "ಚಿಪ್ ಹಾಕ್ಸಿದ್ದಾರೆ, ಇನ್ನೇನೂ ಮಾಡೋದಿಲ್ಲ" ಎಂದು ನಾನೇ ಹೇಳಿದ್ದೆ. ಹದಿನೆಂಟು ವರ್ಷದಿಂದ ಈ ದೇಶದಲ್ಲಿದ್ದೇನೆ. ತಪ್ಪು ನನ್ನದು.

ಇಂಗ್ಲೆಂಡಿನಲ್ಲಿ 2016ರ ಏಪ್ರಿಲ್‌ನಿಂದ ಎಂಟು ವಾರ ತುಂಬುವ ಹೊತ್ತಿಗೆ ಪ್ರತಿ ನಾಯಿಗೂ ಚಿಪ್ ಇರಲೇಬೇಕು. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಮುಂದಿನದು. ಅಕ್ಕಿಕಾಳಿನಷ್ಟು ದೊಡ್ಡದಾದ ಆ ಚಿಪ್‌ನೊಳಗೆ ನಿಮ್ಮ ಹೆಸರೂ ಇಲ್ಲ, ವಿಳಾಸವೂ ಇಲ್ಲ. ನಾಯಿ ಎಲ್ಲಿದೆ ಎಂದು ಅದು ಹೇಳುವುದಿಲ್ಲ. ಅದರಲ್ಲಿರುವುದು 15 ಅಂಕಿಗಳ ಒಂದು ಸಂಖ್ಯೆ ಮಾತ್ರ. ಆ ಸಂಖ್ಯೆಯ ಎದುರಿಗೆ ಯಾರ ಹೆಸರು, ಯಾವ ಫೋನ್ ಎಂಬುದು ಬೇರೆಲ್ಲೋ ಒಂದು ಡೇಟಾಬೇಸ್‌ನಲ್ಲಿರುತ್ತದೆ. ಅಂಥ ಡೇಟಾಬೇಸ್ ಒಂದಲ್ಲ, ಹಲವು ಖಾಸಗಿ ಕಂಪನಿಗಳು ನಡೆಸುತ್ತವೆ. ನಾಯಿ ಕೈಬದಲಾದರೆ ದಾಖಲೆ ತಾನಾಗಿ ಬದಲಾಗುವುದಿಲ್ಲ. ಹಳಬರು ಬದಲಿಸಿಲ್ಲವಾದರೆ ಬದಲಿಸುವ ಹೊಣೆ ಕಾನೂನಿನ ಪ್ರಕಾರ ಹೊಸದಾಗಿ ಸಾಕುವವರದ್ದು. ತಪ್ಪಿದರೆ ಸರಿಪಡಿಸಲು 21 ದಿನ ಕೊಟ್ಟು ನೋಟಿಸ್ ಕೊಡಬಹುದು, ಆಮೇಲೂ ಸುಮ್ಮನಿದ್ದರೆ 500 ಪೌಂಡ್‌ವರೆಗೆ ದಂಡ.

ದಂಡದ ಮಾತು ಬಿಡಿ. ಬೆಲ್ಲನಿಗೆ ಆದದ್ದು ಕೇಳಿ.

ಆ ರಾತ್ರಿಯೇ ಯಾರೋ ಪುಣ್ಯಾತ್ಮರು ಅದನ್ನು ರಸ್ತೆ ಬದಿಯಲ್ಲಿ ನೋಡಿ ಕೌನ್ಸಿಲ್‌ಗೆ ತಿಳಿಸಿದ್ದಾರೆ. ಇಲ್ಲಿ ಬೀದಿಗೆ ಬಿದ್ದ ನಾಯಿ ಪೊಲೀಸರಿಗಲ್ಲ, ಕೌನ್ಸಿಲ್‌ಗೆ ಸೇರಿದ ವಿಷಯ. ಚಿಪ್ ಓದಿ ಡೇಟಾಬೇಸ್‌ನಲ್ಲಿದ್ದ ಸಂಖ್ಯೆಗೆ ಫೋನ್ ಮಾಡಿದರೆ ಆ ಸಂಖ್ಯೆ ಬಳಕೆಯಲ್ಲೇ ಇಲ್ಲ. ಹಳೆಯ ಮನೆಗೆ ಕಾಗದ ಹಾಕಿದರೆ ಅಲ್ಲಿ ಬೇರೆ ಬಾಡಿಗೆದಾರರು. ಇತ್ತ ನಾವು ನಮ್ಮ ಕೌನ್ಸಿಲ್‌ಗೆ ದಿನಕ್ಕೆ ಎರಡು ಸಲ ಫೋನ್ ಮಾಡುತ್ತಿದ್ದೆವು. ಅವರು ಅಂಥ ನಾಯಿ ಬಂದಿಲ್ಲ ಎಂದೇ ಹೇಳುತ್ತಿದ್ದರು. ನಿಜವೇ, ಬಂದಿರಲಿಲ್ಲ. ಬೆಲ್ಲ ಹೊಳೆಯ ಪಕ್ಕದ ದಾರಿ ಹಿಡಿದು ಪಕ್ಕದ ಕೌನ್ಸಿಲ್‌ನ ಗಡಿ ದಾಟಿತ್ತು! ಅದು ನಮಗೆ ಹೊಳೆದದ್ದು ಐದನೆಯ ದಿನ.

ಏಳು ದಿನ ಕಳೆದ ಮೇಲೆ ವಾರಸುದಾರರಿಲ್ಲದ ನಾಯಿಯನ್ನು ಕೌನ್ಸಿಲ್ ಬೇರೆ ಮನೆಗೆ ಕೊಡಬಹುದು. ಬೇರೆ ದಾರಿಯಿಲ್ಲದಿದ್ದರೆ ಕೊಲ್ಲಿಸಲೂ ಬಹುದು. ಇನ್ನೆರಡು ದಿನ ತಡವಾಗಿದ್ದರೆ ಆ ಮಗುವಿಗೆ ನಾನು ಏನು ಹೇಳುತ್ತಿದ್ದೆ?

ಕೆನೆಲ್‌ಗೆ ಓಡಿದೆವು. ಅಲ್ಲಿಯೂ ಕೂಡಲೇ ಕೊಡಲಿಲ್ಲ. ದಾಖಲೆಯಲ್ಲಿ ಇನ್ನೊಬ್ಬರ ಹೆಸರು, ಎದುರಿಗೆ ನಿಂತವರು ಬೇರೆ. ಅವರ ಕೆಲಸ ಅವರು ಸರಿಯಾಗಿಯೇ ಮಾಡಿದರು. ಕೊನೆಗೆ ಬೆಂಗಳೂರಿನಲ್ಲಿದ್ದ ಹಳೆಯ ಮನೆಯವರನ್ನು ನಿದ್ದೆಯಿಂದ ಎಬ್ಬಿಸಿ ಇಮೇಲ್ ಬರೆಸಿ, ಇಂಜೆಕ್ಷನ್ ಕಾರ್ಡು, ಫೋಟೋ ತೋರಿಸಿ, 25 ಪೌಂಡ್ ಶುಲ್ಕದ ಮೇಲೆ ಐದು ದಿನದ ಕೆನೆಲ್ ಖರ್ಚು ಕಟ್ಟಿ ಬಿಡಿಸಿಕೊಂಡು ಬಂದೆವು. ಮಗು ಕಾರಿನ ಹಿಂದಿನ ಸೀಟಿನಲ್ಲಿ ಅದರ ಕೊರಳು ಬಿಡಲೇ ಇಲ್ಲ.

ಆದ್ದರಿಂದ ನಾಯಿ ಮನೆಗೆ ಬರುವ ದಿನವೇ ಹಳಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ದಾಖಲೆ ಬದಲಿಸಿ. ಯಾವ ಡೇಟಾಬೇಸ್ ಎಂದು ತಿಳಿಯದಿದ್ದರೆ ಯಾವುದೇ ಕಂಪನಿಯ ತಾಣದಲ್ಲಿ ಚಿಪ್ ಸಂಖ್ಯೆ ಹಾಕಿ ನೋಡಿದರೆ ಸಾಮಾನ್ಯವಾಗಿ ಗೊತ್ತಾಗುತ್ತದೆ. ಸಂಖ್ಯೆಯೇ ಇಲ್ಲವೆಂದರೆ ವೆಟ್ ಹತ್ತಿರ ಓದಿಸಿ. ಹೆಸರು ಬದಲಿಸುವಾಗ ಕಂಪನಿಯವರು ಹಳಬರ ಒಪ್ಪಿಗೆ ಕೇಳುತ್ತಾರೆ, ನಮಗೆ ಪೇಚಾಟವಾದದ್ದು ಅಲ್ಲೇ. ಕಂಪನಿಯವರಲ್ಲಿದ್ದದ್ದು ಹಳಬರ ಹಿಂದಿನ ಆಫೀಸಿನ ಇಮೇಲ್, ಅದು ಎಂದೋ ಮುಚ್ಚಿಹೋಗಿತ್ತು. ಊರಿಗೆ ಹೋದವರನ್ನು ಆಮೇಲೆ ಹಿಡಿಯುವುದು ಕಷ್ಟ, ವಿಮಾನ ಹತ್ತುವ ಮೊದಲೇ ಹಿಡಿಯಿರಿ. ವೆಟ್ ಕಾರ್ಡಿನ ಮೇಲೆ ನಿಮ್ಮ ಹೆಸರು ಬರೆದುಕೊಟ್ಟರೆ ಅದು ಡೇಟಾಬೇಸ್‌ಗೆ ಹೋದಂತಲ್ಲ. ನೀವೇ ಮನೆ ಬದಲಿಸಿದರೂ, ಫೋನ್ ಸಂಖ್ಯೆ ಬದಲಿಸಿದರೂ ಇದೇ ಕೆಲಸ ಮತ್ತೆ ಮಾಡಬೇಕು. ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಹೋಗುವ ನಮ್ಮವರು ಬ್ಯಾಂಕಿಗೆ ತಿಳಿಸುತ್ತೇವೆ, ಜಿಪಿಗೆ ತಿಳಿಸುತ್ತೇವೆ, ಇದನ್ನು ಮಾತ್ರ ಮರೆಯುತ್ತೇವೆ.

ಶಿವಮೊಗ್ಗ ಕಡೆಯ ನಮ್ಮೂರಿನಲ್ಲಿ ಕರಿಯ ಎಂಬ ನಾಯಿಯಿತ್ತು. ಮಲಗುವುದು ನಮ್ಮ ಜಗಲಿ ಮೇಲೆ, ಊಟ ಮೂರು ಮನೆಯಲ್ಲಿ. ಹಬ್ಬದ ದಿನ ತಪ್ಪಿಸಿಕೊಂಡು ಮೇಲಿನ ಕೇರಿಗೆ ಹೋದರೆ ಅಲ್ಲಿಯವರೇ "ಇದು ಭಟ್ಟರ ಜಗಲಿ ಕರಿಯ" ಎಂದು ಗದರಿ ಕಳಿಸುತ್ತಿದ್ದರು. ಗುರುತು ಹಿಡಿಯಲು ಊರೇ ಇತ್ತು. ಇಲ್ಲಿ ನಿಮ್ಮ ನಾಯಿಯನ್ನು ಕಂಡವರಿಗೆ ನಿಮ್ಮ ಮನೆ ಗೊತ್ತಿಲ್ಲ.

ಬೆಲ್ಟ್ ವಿಷಯವೂ ಇದರ ಜೊತೆಗೇ ಬರುತ್ತದೆ. ಚಿಪ್ ಇದ್ದರೂ ಹೊರಗೆ ಹೋಗುವಾಗ ಕೊರಳಿನ ಬೆಲ್ಟ್ ಅಥವಾ ಅದರ ಬಿಲ್ಲೆಯ ಮೇಲೆ ನಿಮ್ಮ ಹೆಸರು, ವಿಳಾಸ ಇರಲೇಬೇಕು. 1992ರಿಂದ ಇರುವ ನಿಯಮ. ಫೋನ್ ಸಂಖ್ಯೆಯನ್ನೂ ಕೆತ್ತಿಸಿ. ಹಬ್ಬಕ್ಕೆಂದು ಸ್ನಾನ ಮಾಡಿಸಿದವರು ಬೆಲ್ಲನ ಬೆಲ್ಟ್ ಬಿಚ್ಚಿ ರೇಡಿಯೇಟರ್ ಮೇಲೆ ಒಣಗಲು ಹಾಕಿದ್ದರು. ಪಟಾಕಿ ಹೊಡೆಯುವ ದಿನಗಳಲ್ಲಿ ಬೆಲ್ಟ್ ಬಿಚ್ಚಬೇಡಿ. ಬೇರೆ ದಿನ ರಾತ್ರಿ ಹನ್ನೊಂದಕ್ಕೆ ನಿಲ್ಲಿಸಬೇಕಾದ ಪಟಾಕಿಗೆ ನವೆಂಬರ್ 5ರಂದು ಹನ್ನೆರಡರವರೆಗೆ, ನಮ್ಮ ದೀಪಾವಳಿಗೆ ಒಂದು ಗಂಟೆಯವರೆಗೆ ಅವಕಾಶವಿದೆ. ಆ ರಾತ್ರಿಗಳಲ್ಲಿ ನಾಯಿಯನ್ನು ಕತ್ತಲಾಗುವ ಮೊದಲೇ ಸುತ್ತಾಡಿಸಿ ಒಳಗೆ ತನ್ನಿ, ಹಿಂದಿನ ಗೇಟನ್ನು ನೀವೇ ಹೋಗಿ ಎಳೆದು ನೋಡಿ.

ಉಳಿದದ್ದು ಚುಟುಕಾಗಿ. ನಾಯಿಯ ಹೇಲು ಎತ್ತಿ ಚೀಲದಲ್ಲಿ ಕಟ್ಟಿ ಕಸದ ಡಬ್ಬಿಗೆ ಹಾಕಿ, ಕತ್ತಲಿದೆ, ಮಳೆಯಿದೆ ಎಂಬ ನೆಪ ಬೇಡ. ನಿಮ್ಮ ನಾಯಿ ಕಚ್ಚದಿದ್ದರೂ, ಕಚ್ಚೀತೆಂದು ಎದುರಿನವರು ಹೆದರುವಂತೆ ನುಗ್ಗಿದರೂ ಅಪರಾಧವಾಗಬಹುದು. 2014ರಿಂದ ನಿಮ್ಮ ಮನೆಯೊಳಗೂ ಅದೇ ಕಾನೂನು. ಕುರಿ ಮೇಯುವ ಹೊಲಗಳಲ್ಲಿ ಹಗ್ಗ ಬಿಡಲೇಬೇಡಿ. ಕುರಿಗಳನ್ನು ಅಟ್ಟುವ ನಾಯಿಗೆ ರೈತ ಗುಂಡು ಹೊಡೆದರೂ ಕಾನೂನು ಅವನ ಪರ ನಿಲ್ಲಬಹುದು. ಬೆಕ್ಕು ಸಾಕುವವರೇ, 2024ರ ಜೂನ್ 10ರಿಂದ ನಿಮಗೂ ಚಿಪ್ ಕಡ್ಡಾಯ, 20 ವಾರ ತುಂಬುವುದರೊಳಗೆ. ಹಿತ್ತಲಲ್ಲಿ ಒಂದೇ ಒಂದು ಕೋಳಿ ಇಟ್ಟುಕೊಂಡರೂ 2024ರ ಅಕ್ಟೋಬರ್‌ನಿಂದ ಸರ್ಕಾರದಲ್ಲಿ ನೋಂದಾಯಿಸಬೇಕು. ಇದೆಲ್ಲ ಇಂಗ್ಲೆಂಡಿನ ಮಾತು. ಸ್ಕಾಟ್ಲೆಂಡ್, ವೇಲ್ಸ್‌ನವರು ತಮ್ಮ ಕಡೆಯ ನಿಯಮ ನೋಡಿಕೊಳ್ಳಿ.

ಇನ್ನೊಂದು, ಇದು ಕಾನೂನಲ್ಲ. ಪ್ರೀತಿಗೆಂದು ಕೇಸರಿಬಾತಿನ ತುತ್ತು ಕೊಡಬೇಡಿ. ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನೇ ಕೆಡಿಸಬಹುದು. ಈರುಳ್ಳಿ ಹಾಕಿದ ಹುಳಿಯೂ ಬೇಡ.

ಬೆಲ್ಲನ ದಾಖಲೆ ಹೋದ ವಾರ ಹೊಸ ಹೆಸರಿಗೆ ಬದಲಾಯಿತು. ನಾಯಿ ಕೊಟ್ಟವರು, ಪಡೆದವರು ಯಾರೇ ಇದ್ದರೂ ಭಾನುವಾರ ಕನ್ನಡ ಶಾಲೆ ಮುಗಿದ ಮೇಲೆ ಬನ್ನಿ. ನಾನು ಲ್ಯಾಪ್‌ಟಾಪ್ ತಂದಿರುತ್ತೇನೆ, ನೀವು ಚಿಪ್ ಸಂಖ್ಯೆ ತನ್ನಿ.