ಧಾರೆ ಎಲ್ಲಿ, ದಸ್ತಖತು ಎಲ್ಲಿ?

ಹುಣಸೂರು ಉಪವಿಭಾಗದ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ಈಗ ಮಗನೋ ಮಗಳೋ ಡಲ್ಲಾಸಿನಲ್ಲಿ, ಡಬ್ಲಿನ್‌ನಲ್ಲಿ, ದುಬೈಯಲ್ಲಿ ಇರುವ ಮನೆ ಅಪರೂಪವೇನಲ್ಲ. ಹೊಗೆಸೊಪ್ಪಿನ ಬೇಲು ಮಾರಿದ ದುಡ್ಡಿನಲ್ಲಿ ಫೀಸು ಕಟ್ಟಿ ಓದಿಸಿದ ಮಕ್ಕಳು ಫೋನ್ ಮಾಡಿ, ‘ಅಪ್ಪಾಜಿ, ಮದ್ವೆ ಇಲ್ಲೇ ಇಟ್ಕೊಳ್ಳೋಣ ಅಂತ’ ಎನ್ನುತ್ತಾರೆ. ಛತ್ರ ಬುಕ್ ಮಾಡಲು ಹೊರಟಿದ್ದವರು ಅಲ್ಲೇ ಕೂರುತ್ತಾರೆ. ಕೂತವರು ಎದ್ದು ಕೆಲಸ ಶುರುಮಾಡಲು ಕೆಲವು ಸೂತ್ರಗಳು.

1. ಎರಡು ಮದುವೆ ಎಂದೇ ಲೆಕ್ಕ ಹಾಕಿ
ಒಂದು ಕಾನೂನಿನದು, ಇನ್ನೊಂದು ನೆಂಟರದು. ಎರಡೂ ಒಂದೇ ಜಾಗದಲ್ಲಿ, ಒಂದೇ ದಿನ ಆಗಬೇಕೆಂಬ ಹಟವೇ ಅರ್ಧ ತಾಪತ್ರಯಕ್ಕೆ ಮೂಲ. ಹೆಚ್ಚಿನ ಜೋಡಿಗಳಿಗೆ ನನ್ನ ಸಲಹೆ ಇಷ್ಟೇ: ಊರಿನಲ್ಲಿ ಚಿಕ್ಕದಾಗಿ ಧಾರೆ ಎರೆಸಿ ನೋಂದಣಿ ಮುಗಿಸಿ, ಆಮೇಲೆ ಸಂಭ್ರಮವನ್ನು ಬಾಲಿಯಲ್ಲಾದರೂ ಮಾಡಿ, ಬೋಸ್ಟನ್ನಿನಲ್ಲಾದರೂ ಮಾಡಿ. ವಿಮಾನ ಹತ್ತಲಾರದ ಅಜ್ಜಿಗೂ ಅಕ್ಷತೆ ಹಾಕುವ ಯೋಗ ಸಿಗುತ್ತದೆ.

2. ಶಾಸ್ತ್ರವಿಲ್ಲದ ಸರ್ಟಿಫಿಕೇಟ್ ನಂಬಬೇಡಿ
‘ವೀಸಾಕ್ಕೆ ಬೇಕು, ಈಗ ರಿಜಿಸ್ಟರ್ ಮಾಡ್ಸೋಣ, ಮದ್ವೆ ಮುಂದಿನ ವರ್ಷ’ ಎಂಬ ಮಾತು ನಮ್ಮಲ್ಲಿ ಸಲೀಸಾಗಿ ಬರುತ್ತದೆ. 2024ರಲ್ಲಿ ಡಾಲಿ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದಕ್ಕೇ ಬರೆ ಎಳೆಯಿತು. ಪೈಲಟ್ ತರಬೇತಿ ಪಡೆದಿದ್ದ ಜೋಡಿಯೊಂದು ಯಾವ ವಿಧಿಯನ್ನೂ ನಡೆಸದೆ ನೋಂದಣಿ ಪತ್ರ ಪಡೆದಿತ್ತು. ಕನ್ನಡತಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ ಅದು ಮದುವೆಯೇ ಅಲ್ಲ ಎಂದಿತು. 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಕಲಂ ಕೇಳುವುದು ವರನ ಅಥವಾ ವಧುವಿನ ಕಡೆಯ ರೂಢಿಯ ವಿಧಿಯನ್ನು. ನಿಮ್ಮ ಮನೆತನದಲ್ಲಿ ಧಾರೆಯೇ ಮುಖ್ಯವಾದರೆ ಧಾರೆ, ಸಪ್ತಪದಿಯಾದರೆ ಸಪ್ತಪದಿ. ದೇವಸ್ಥಾನದಲ್ಲಿ ಹತ್ತು ಜನರ ಮುಂದೆ ನಡೆದರೂ ಸಾಕು, ನಡೆದಿರಬೇಕು ಅಷ್ಟೆ. ಫೋಟೊ ತೆಗೆಸಿ, ಲಗ್ನಪತ್ರಿಕೆ ಅಚ್ಚು ಹಾಕಿಸಿ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಎರಡೂ ದಾಖಲೆಯಾಗಿ ಕೆಲಸಕ್ಕೆ ಬರುತ್ತವೆ.

3. ರಜೆ ಎಷ್ಟು ದಿನವೋ ಅದಕ್ಕೆ ತಕ್ಕ ಕಾಯ್ದೆ
ಮೂರು ವಾರದ ರಜೆಯಲ್ಲಿ ಬರುವ ಹುಡುಗ, ಊರಿನ ಹುಡುಗಿ, ಇಬ್ಬರೂ ಹಿಂದೂಗಳು (ಕಾನೂನಿನ ಲೆಕ್ಕದಲ್ಲಿ ಬೌದ್ಧ, ಜೈನ, ಸಿಖ್ಖರೂ ಸೇರಿ) ಎಂದಾದರೆ ಹಿಂದೂ ವಿವಾಹ ಕಾಯ್ದೆಯ ದಾರಿ ಸುಲಭ. ಮೊದಲೇ ನೋಟಿಸು ಕೊಡಬೇಕಿಲ್ಲ, ಮದುವೆಯಾದ ಮೇಲೆ ನೋಂದಾಯಿಸಿದರಾಯಿತು. 2024ರಿಂದ ಕರ್ನಾಟಕದಲ್ಲಿ ಇದಕ್ಕೆ ಆನ್‌ಲೈನ್ ಅರ್ಜಿಯ ಸೌಲಭ್ಯವೂ ಬಂದಿದೆ.

ಸೊಸೆ ಐರಿಶ್ ಹುಡುಗಿಯೋ, ಅಳಿಯ ಬೇರೆ ಧರ್ಮದವನೋ ಆದರೆ 1954ರ ವಿಶೇಷ ವಿವಾಹ ಕಾಯ್ದೆ. ಇಲ್ಲಿ ಇಬ್ಬರಲ್ಲಿ ಒಬ್ಬರಾದರೂ ನೋಟಿಸಿಗೆ ಮುಂಚೆ 30 ದಿನ ಆ ಜಿಲ್ಲೆಯಲ್ಲಿ ವಾಸವಿರಬೇಕು. ನೋಟಿಸು ಹಾಕಿದ ಮೇಲೆ ಆಕ್ಷೇಪಣೆಗೆ ಮತ್ತೆ 30 ದಿನ. ಮದುವೆಗೆ ಮೂವರು ಸಾಕ್ಷಿಗಳು. ನೋಟಿಸು ಕೊಟ್ಟು ಮೂರು ತಿಂಗಳೊಳಗೆ ಮದುವೆಯಾಗದಿದ್ದರೆ ಮತ್ತೆ ಮೊದಲಿಂದ. ವಿದೇಶಿ ಸಂಗಾತಿ ತಾನು ಅವಿವಾಹಿತ ಎಂಬುದಕ್ಕೆ ತನ್ನ ದೇಶದಿಂದ ಕಾಗದ ತರಬೇಕಾಗುತ್ತದೆ. ಅದನ್ನು ಟಿಕೆಟ್ ಬುಕ್ ಮಾಡುವ ಮುಂಚೆಯೇ ತರಿಸಿಡಿ.

4. ಅಲ್ಲೇ ಆಗುವುದಾದರೆ ರಾಯಭಾರ ಕಚೇರಿಯ ಬಾಗಿಲು ಗೊತ್ತಿರಲಿ
1969ರ ವಿದೇಶಿ ವಿವಾಹ ಕಾಯ್ದೆ ಇರುವುದೇ ಇದಕ್ಕೆ. ಜೋಡಿಯಲ್ಲಿ ಒಬ್ಬರಾದರೂ ಭಾರತದ ಪ್ರಜೆಯಾಗಿದ್ದರೆ ನಮ್ಮ ರಾಯಭಾರ ಕಚೇರಿಯ ವಿವಾಹಾಧಿಕಾರಿಯ ಮುಂದೆ ಮದುವೆಯಾಗಬಹುದು. ಇಲ್ಲೂ 30 ದಿನದ ವಾಸ, ನೋಟಿಸು, ಮೂವರು ಸಾಕ್ಷಿಗಳು. ಆ ದೇಶದ ಕಾನೂನು ಅಡ್ಡ ಬರುವಂತಿದ್ದರೆ ಅಧಿಕಾರಿ ಒಲ್ಲೆ ಎನ್ನುತ್ತಾರೆ. ಇನ್ನೊಂದು ದಾರಿ, ಆ ದೇಶದ ಕಾನೂನಿನಂತೆ ಮದುವೆಯಾಗಿ ಅದೇ ಕಾಯ್ದೆಯ 17ನೇ ಕಲಂ ಪ್ರಕಾರ ನಮ್ಮ ಕಚೇರಿಯಲ್ಲಿ ನೋಂದಾಯಿಸುವುದು.

ಹಳ್ಳ ಇರುವುದು ಇಲ್ಲಿ: ಸಮುದ್ರದ ದಂಡೆಯ ರೆಸಾರ್ಟಿನಲ್ಲಿ ಮಂಟಪ ಹಾಕಿ, ಪುರೋಹಿತರನ್ನು ಕರೆಸಿ ಮದುವೆಯಾದಿರಿ, ಆ ದೇಶದ ಕಚೇರಿಯಲ್ಲಿ ಏನೂ ಮಾಡಿಸಲಿಲ್ಲ. ಅಲ್ಲಿನವರ ಲೆಕ್ಕದಲ್ಲಿ ಅದು ಪಾರ್ಟಿ. ಹುಣಸೂರಿಗೆ ಬಂದರೆ ‘ಮದ್ವೆ ಆಗಿದ್ದು ಎಲ್ಲಿ?’ ಎಂಬ ಮೊದಲ ಪ್ರಶ್ನೆಗೇ ತೊಡಕು.

5. ಸೋದರಿಕೆಯ ಸಂಬಂಧವೇ? ಧಾರೆ ಊರಲ್ಲೇ ಎರೆಯಿರಿ
ಈ ಮಾತನ್ನು ಮದುವೆ ಏಜೆನ್ಸಿಯವರು ಹೇಳುವುದಿಲ್ಲ, ಏಕೆಂದರೆ ಅವರಿಗೆ ನಮ್ಮ ಸೀಮೆ ಗೊತ್ತಿಲ್ಲ. ಅತ್ತೆ ಮಗ, ಮಾವನ ಮಗಳು, ಅಷ್ಟೇಕೆ, ಅಕ್ಕನ ಮಗಳನ್ನು ಸೋದರಮಾವನಿಗೆ ಕೊಡುವುದು ಈ ಕಡೆ ತಲೆಮಾರುಗಳ ರೂಢಿ. ಹತ್ತಿರದ ರಕ್ತಸಂಬಂಧದ ಮದುವೆಯನ್ನು ಹಿಂದೂ ವಿವಾಹ ಕಾಯ್ದೆ ತಡೆಯುತ್ತದಾದರೂ ರೂಢಿ ಒಪ್ಪುವಲ್ಲಿ ವಿನಾಯಿತಿ ಕೊಡುತ್ತದೆ. ಹೊರಗಿನ ಕಾನೂನಿಗೆ ನಿಮ್ಮ ರೂಢಿಯ ಮುಲಾಜಿಲ್ಲ. ಇಂಗ್ಲೆಂಡಿನಲ್ಲಿ ಅತ್ತೆ ಮಗನನ್ನು ಮದುವೆಯಾಗಬಹುದು, ಸೋದರಮಾವನನ್ನು ಆಗುವಂತಿಲ್ಲ. ಅಮೆರಿಕದಲ್ಲಿ ರಾಜ್ಯಕ್ಕೊಂದು ನಿಯಮ: ಕ್ಯಾಲಿಫೋರ್ನಿಯಾ ಅತ್ತೆ-ಮಾವನ ಮಕ್ಕಳ ಮದುವೆಗೆ ಒಪ್ಪುತ್ತದೆ, ಟೆಕ್ಸಾಸ್ 2005ರಿಂದ ಒಪ್ಪುವುದಿಲ್ಲ. ಡಲ್ಲಾಸಿನ ಕೌಂಟಿ ಕಚೇರಿಯಲ್ಲಿ ಮದುವೆ ಲೈಸೆನ್ಸಿಗೆ ಅರ್ಜಿ ಬರೆಯುವಾಗಲೇ ನಂಟು ಕೇಳುತ್ತಾರೆ. ಆಗ ತಬ್ಬಿಬ್ಬಾಗುವ ಬದಲು ವಕೀಲರನ್ನು ಮೊದಲೇ ಕಾಣಿ. ಊರಲ್ಲಿ ಆದ ಮದುವೆಯನ್ನು ಮುಂದೆ ನೆಲೆಸುವ ದೇಶ ಮಾನ್ಯ ಮಾಡುತ್ತದೆಯೇ ಎಂಬುದನ್ನೂ ಅವರಲ್ಲೇ ಕೇಳಿ. ವೈದ್ಯರು ಹೇಳುವ ಮಾತು ಬೇರೆ ಇದೆ, ಅದು ನಿಮಗೆ ಗೊತ್ತಿರುವುದೇ.

6. ಹೆಸರು ಸರಿಮಾಡಿಸಿ
ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ‘ಕಾವ್ಯ ಎಚ್.ಎಸ್.’, ಆಧಾರಿನಲ್ಲಿ ‘ಕಾವ್ಯ ಶಿವಣ್ಣ’, ಪಾಸ್‌ಪೋರ್ಟಿನಲ್ಲಿ ಬರೀ ‘ಕಾವ್ಯ’. ಊರಿಗೆಲ್ಲ ಒಬ್ಬಳೇ ಹುಡುಗಿ, ವೀಸಾ ಕಚೇರಿಗೆ ಮೂವರು. ಒಂದೇ ಪದದ ಹೆಸರಿನ ಪಾಸ್‌ಪೋರ್ಟಿದ್ದರೆ ವಿಸಿಟ್ ವೀಸಾದಲ್ಲಿ ಬಿಟ್ಟುಕೊಳ್ಳುವುದಿಲ್ಲ ಎಂದು ಯುಎಇ 2022ರ ನವೆಂಬರಿನಲ್ಲಿ ನಿಯಮ ಮಾಡಿತು. ಇನಿಷಿಯಲ್ ಬಿಡಿಸಿ ಬರೆಸುವ ಕೆಲಸ ನಿಶ್ಚಿತಾರ್ಥಕ್ಕೂ ಮುಂಚೆ ಆಗಲಿ. ಪಾಸ್‌ಪೋರ್ಟಿಗಾಗಿ ಬೆಂಗಳೂರಿಗೆ ಓಡಬೇಕಿಲ್ಲ: ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರ ತೆರೆಯುವ ಯೋಜನೆ 2017ರ ಜನವರಿಯಲ್ಲಿ ಶುರುವಾದದ್ದೇ ಮೈಸೂರಿನಲ್ಲಿ, ಗುಜರಾತಿನ ದಾಹೋದ್ ಜೊತೆಗೆ.

ಜನನ ಪತ್ರದ್ದು ಇನ್ನೊಂದು ಕಥೆ. ಮನೆಯಲ್ಲೇ ಹೆರಿಗೆಯಾಗಿ ದಾಖಲಾಗದವರಿದ್ದಾರೆ. ಒಂದು ವರ್ಷ ದಾಟಿದ ಜನನ ದಾಖಲಿಸಲು ಮ್ಯಾಜಿಸ್ಟ್ರೇಟರ ಆದೇಶ ಬೇಕು. ಅದು ವಾರದ ಕೆಲಸವಲ್ಲ.

7. ಮುದ್ರೆಯ ಮೇಲೆ ಮುದ್ರೆ
ಅಪೊಸ್ಟೀಲ್ ಒಪ್ಪಂದದಲ್ಲಿರುವ ಹೊರದೇಶ ನಮ್ಮ ಸರ್ಟಿಫಿಕೇಟನ್ನು ನಂಬಬೇಕಾದರೆ ರಾಜ್ಯ ಸರ್ಕಾರದ ದೃಢೀಕರಣ, ಅದರ ಮೇಲೆ ವಿದೇಶಾಂಗ ಸಚಿವಾಲಯದ ಅಪೊಸ್ಟೀಲ್ ಮುದ್ರೆ. ಭಾರತ 2005ರಲ್ಲಿ ಈ ಒಪ್ಪಂದಕ್ಕೆ ಸೇರಿದಾಗ ಜರ್ಮನಿ ಆಕ್ಷೇಪ ಎತ್ತಿತ್ತು. ಆದ್ದರಿಂದ ಜರ್ಮನಿಗೆ ಹೋಗುವವರು ಅಲ್ಲಿನ ನೋಂದಣಿ ಕಚೇರಿ ಏನು ಕೇಳುತ್ತದೆಂದು ಬರಹದಲ್ಲಿ ತರಿಸಿಕೊಳ್ಳಿ.

8. ದೇಶ ನೋಡಿ ಹೆಜ್ಜೆ ಇಡಿ
ಬಾಲಿ: ಇಂಡೊನೇಷ್ಯಾದ ಕಾನೂನಿನಲ್ಲಿ ಮದುವೆ ಧರ್ಮದ ಪ್ರಕಾರವೇ ಆಗಬೇಕು, ಆಮೇಲೆ ಸರ್ಕಾರಿ ನೋಂದಣಿ. ಅಂತರಧರ್ಮದ ಜೋಡಿಗೆ ಅದು ಸಂಭ್ರಮದ ಜಾಗ, ಕಾನೂನಿನದಲ್ಲ. ಡೆನ್ಮಾರ್ಕ್: ಜರ್ಮನಿಯ ಕಾಗದಪತ್ರಕ್ಕೆ ಬೇಸತ್ತ ಎಷ್ಟೋ ಜೋಡಿಗಳು ಗಡಿ ದಾಟಿ ಇಲ್ಲಿ ಮದುವೆಯಾಗುತ್ತವೆ. ಬ್ರಿಟನ್: ಮದುವೆಗೆಂದೇ ಹೋಗುವುದಾದರೆ ಮ್ಯಾರೇಜ್ ವಿಸಿಟರ್ ವೀಸಾ ಬೇಕು. ಅಬುಧಾಬಿ: ಮುಸ್ಲಿಮೇತರರಿಗೆ 2021ರ ಕಾನೂನಿನಡಿ ಸಿವಿಲ್ ಮದುವೆ ಇದೆ. ಅಮೆರಿಕ: ಕೌಂಟಿಯ ಲೈಸೆನ್ಸ್ ಮೊದಲು, ಮಾಂಗಲ್ಯ ಆಮೇಲೆ. ಭಾವಿ ಸಂಗಾತಿಗೆ ಕೊಡುವ ಕೆ-1 ವೀಸಾದಲ್ಲಿ ಹೋದವರು 90 ದಿನದೊಳಗೆ ಮದುವೆಯಾಗಲೇಬೇಕು.

9. ಮುಹೂರ್ತ, ಹೊಗೆ, ಅಕ್ಕಿ
ಒಂಟಿಕೊಪ್ಪಲ್ ಪಂಚಾಂಗದ ಲಗ್ನಕ್ಕೆ ಗಂಟೆ ಕೂಡಿಸಿ ಕಳೆದು ನ್ಯೂಜೆರ್ಸಿಯ ಮುಹೂರ್ತ ತೆಗೆಯಲಾಗದು. ಲಗ್ನ ಆಯಾ ಊರಿನ ಅಕ್ಷಾಂಶ ರೇಖಾಂಶದ ಮೇಲೆ ನಿಂತಿದೆ, ಆ ಊರಿಗೇ ಗಣಿಸುವ ಪುರೋಹಿತರನ್ನು ಹಿಡಿಯಿರಿ. ಹೋಮಕ್ಕೆ ಮದುವೆ ಹಾಲ್‌ನವರು ಒಪ್ಪುತ್ತಾರೆಯೇ ಎಂದು ಮುಂಗಡ ಕೊಡುವ ಮುನ್ನ ಕೇಳಿ. ತುಪ್ಪ ಬಿದ್ದು ಹೊಗೆ ಎದ್ದರೆ ಗಟ್ಟಿಮೇಳಕ್ಕಿಂತ ಮೊದಲು ಅಲಾರಂ ಕೂಗುತ್ತದೆ. ಅಕ್ಷತೆಯ ಅಕ್ಕಿ, ಮಾವಿನ ಸೊಪ್ಪು, ಹೊಂಬಾಳೆ ಸೂಟ್‌ಕೇಸಿನಲ್ಲಿ ಬೇಡ. ಭಾರತದಿಂದ ಪ್ರಯಾಣಿಕರು ಅಕ್ಕಿ ತರುವುದನ್ನು ಅಮೆರಿಕ 2021ರಿಂದ ನಿಷೇಧಿಸಿದೆ, ಆಸ್ಟ್ರೇಲಿಯಾ ಇನ್ನೂ ಕಟ್ಟುನಿಟ್ಟು. ಬಾಸಿಂಗ, ಕಂಕಣದ ದಾರ, ಧಾರೆ ಸೀರೆ ಮಾತ್ರ ಇಲ್ಲಿಂದಲೇ.

10. ಸರಳ ಬೇಕೆಂದರೆ ಮಂತ್ರಮಾಂಗಲ್ಯ
1966ರಲ್ಲಿ ಮಗ ತೇಜಸ್ವಿಯ ಮದುವೆಗೆ ಕುವೆಂಪು ರೂಪಿಸಿದ ಈ ಕ್ರಮ ಎಲ್ಲಿಗಾದರೂ ಒಯ್ಯಲು ಹಗುರ: ಹೊಗೆ ಇಲ್ಲ, ಪುರೋಹಿತರ ಟಿಕೆಟ್ ಇಲ್ಲ. ಆದರೆ 7ನೇ ಕಲಮಿನ ‘ರೂಢಿಯ ವಿಧಿ’ ಇದೇ ಹೌದೇ ಎಂದು ನಾಳೆ ಯಾರಾದರೂ ವಾದ ಹೂಡಿದರೆ? ಜೊತೆಗೆ ವಿಶೇಷ ವಿವಾಹ ಕಾಯ್ದೆಯಡಿ ಸಹಿ ಹಾಕಿಬಿಡಿ.

11. ವರ ವಿದೇಶದಲ್ಲಿದ್ದರೆ ವಿಚಾರಿಸಿ
ಸಂಬಳದ ಚೀಟಿಗಿಂತ ವೀಸಾದ ಬಗೆ, ಮನೆ ವಿಳಾಸ, ಹಿಂದಿನ ಮದುವೆಯ ವಿಚಾರ ಮುಖ್ಯ. ನೇರವಾಗಿ ಕೇಳಿದರೆ ಬೀಗರು ಮುನಿಸಿಕೊಳ್ಳುವುದಾದರೆ ಮುನಿಸಿಕೊಳ್ಳಲಿ. ಅನಿವಾಸಿ ಗಂಡಂದಿರಿಂದ ತೊಂದರೆಗೊಳಗಾದವರಿಗೆ ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ ಪ್ರತ್ಯೇಕ ವಿಭಾಗವೇ ಇದೆ ಎಂದರೆ ಅರ್ಥ ಮಾಡಿಕೊಳ್ಳಿ. ಇಂಥ ಮದುವೆಗಳಿಗೆ ನೋಂದಣಿ ಕಡ್ಡಾಯವಾಗಬೇಕೆಂದು ಕಾನೂನು ಆಯೋಗವೂ 2024ರಲ್ಲಿ ಹೇಳಿದೆ. ವಿದೇಶಿ ಸಂಗಾತಿಗೆ ಮುಂದೆ ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಬೇಕಾದರೂ ಮದುವೆ ನೋಂದಣಿಯಾಗಿರಬೇಕು, ಎರಡು ವರ್ಷ ಬಾಳಿರಬೇಕು.

12. ಒಡವೆ
ಹೊರಡುವಾಗ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಒಡವೆ ತೋರಿಸಿ ರಫ್ತು ಪ್ರಮಾಣಪತ್ರ ಮಾಡಿಸಿ. ಇಲ್ಲದಿದ್ದರೆ ವಾಪಸು ಬರುವಾಗ ಅಜ್ಜಿಯ ಕಾಸಿನ ಸರಕ್ಕೂ ಸುಂಕದ ಮಾತು ಬರಬಹುದು.

13. ಮುಯ್ಯಿ ಮತ್ತು ಬೀಗರೂಟ
ಇಷ್ಟು ವರ್ಷ ಊರೂರು ಸುತ್ತಿ ಮುಯ್ಯಿ ಹಾಕಿದ ಅಪ್ಪನಿಗೆ ಬಾಲಿಯ ಮದುವೆ ನಷ್ಟದ ಬಾಬ್ತು. ಅದಕ್ಕೆ ಊರಲ್ಲೊಂದು ಬೀಗರೂಟ ಇಟ್ಟುಕೊಳ್ಳಿ. ಹೊರದೇಶದ ದೇವಸ್ಥಾನದ ಹಾಲಿನಲ್ಲಿ ಬಾಡೂಟಕ್ಕೆ ಹೇಗೂ ಜಾಗವಿಲ್ಲ. ಆಷಾಢ, ಧನುರ್ಮಾಸ ಬಿಟ್ಟು ಹೊಗೆಸೊಪ್ಪಿನ ಹರಾಜು ಮುಗಿದ ಮೇಲೆ ದಿನ ಇಟ್ಟರೆ ಕೈಯಲ್ಲಿ ಕಾಸೂ ಇರುತ್ತದೆ, ಜನಕ್ಕೆ ಬಿಡುವೂ ಇರುತ್ತದೆ. ವಿದೇಶದಿಂದ ಬಂದ ನೆಂಟರು ಬೈಲಕುಪ್ಪೆಯ ಚಿನ್ನದ ದೇವಾಲಯ ನೋಡಬೇಕೆಂದರೆ ಬೆಳಿಗ್ಗೆ ಕರೆದೊಯ್ದು ಸಂಜೆಗೆ ವಾಪಸು ಕರೆತನ್ನಿ. ಅಲ್ಲಿ ರಾತ್ರಿ ತಂಗಲು ವಿದೇಶಿಯರಿಗೆ ಪ್ರತ್ಯೇಕ ಪರವಾನಗಿ ಬೇಕು.