ಒಂದೇ ಹೆಸರಿನ ಎರಡು ಪುಸ್ತಕಗಳು
(ಗಣಕಯಂತ್ರದ ತಪ್ಪೊಂದನ್ನು ಹುಡುಕಿದ ಬಗೆ)



ಕಳೆದ ಮಳೆಗಾಲದಲ್ಲಿ ನಮ್ಮ ಶಾಲೆಯ ಹತ್ತನೆಯ ತರಗತಿಯ ಮಕ್ಕಳು ಮನೆಮನೆಗೆ ಹೋಗಿ, ತೋಟದಲ್ಲಿಯೂ ಅಡಿಗೆಮನೆಯಲ್ಲಿಯೂ ಹಿರಿಯರು ಆಡುವ ಮಾತುಗಳನ್ನು ಬರೆದು ತಂದರು. ಸೋಗೆ, ಹಾಳೆ, ಮುಟ್ಟಾಳೆ ಮುಂತಾದ ಶಬ್ದಗಳೆಲ್ಲ ಪಟ್ಟಿಯಲ್ಲಿ ಸೇರಿದವು. ಅವನ್ನು ಅಕಾರಾದಿಯಾಗಿ ಜೋಡಿಸಿ, ಬೇಕಾದ ಶಬ್ದವನ್ನು ಹುಡುಕಿಕೊಡುವ ಒಂದು ಪ್ರೋಗ್ರಾಮನ್ನು ಸಿ ಪ್ಲಸ್‌ಪ್ಲಸ್ ಭಾಷೆಯಲ್ಲಿ ಬರೆದೆವು. ಶಾಲೆಯ ವಸ್ತುಪ್ರದರ್ಶನದಂದು ಹೆತ್ತವರ ಮುಂದೆ ಅದನ್ನು ತೋರಿಸಬೇಕೆಂದು ನಿಶ್ಚಯವಾಗಿತ್ತು.

ಪ್ರದರ್ಶನದ ಮುನ್ನಾದಿನ ಬೆಳಗ್ಗೆ ಐದಾರು ಶಬ್ದಗಳನ್ನು ಇಟ್ಟು ನೋಡಿದಾಗ ಪ್ರೋಗ್ರಾಂ ಸರಿಯಾಗಿ ಓಡಿತು. ಮಧ್ಯಾಹ್ನ ಊಟದ ನಂತರ ಮಕ್ಕಳು ಕನ್ನಡ ಶಬ್ದಗಳ ಪೂರ್ಣ ಪಟ್ಟಿಯನ್ನು ಸೇರಿಸಿ, ಯಂತ್ರವನ್ನು ಮತ್ತೆ ತೆರೆದು ಆಜ್ಞೆ ಕೊಟ್ಟರು. ಪ್ರೋಗ್ರಾಂ ಓಡಲಿಲ್ಲ. ಪರದೆಯ ಮೇಲೆ ಒಂದು ಸಾಲಿನ ತಪ್ಪುಸಂದೇಶ ಮಾತ್ರ ಬಂತು.

"ಕನ್ನಡ ಹಾಕಿದ ಮೇಲೆಯೇ ಕೆಟ್ಟಿತಲ್ಲ ಸಾರ್, ಶಬ್ದಗಳನ್ನೆಲ್ಲ ಇಂಗ್ಲಿಷ್ ಅಕ್ಷರಕ್ಕೆ ಬದಲಿಸೋಣವೇ?" ಎಂದು ಒಬ್ಬ ಹುಡುಗಿ ಕೇಳಿದಳು. ಅವಳ ಅಜ್ಜಿ ಹೇಳಿಕೊಟ್ಟ ಶಬ್ದಗಳೇ ಪಟ್ಟಿಯಲ್ಲಿ ಹೆಚ್ಚಾಗಿದ್ದವು. ಅಜ್ಜಿಗಾದರೋ ಕನ್ನಡವಲ್ಲದೆ ಬೇರೆ ಲಿಪಿ ಓದಲು ಬಾರದು. ಆ ಪ್ರಶ್ನೆಯಿಂದಲೇ ನಮ್ಮ ಪಾಠ ಆರಂಭವಾಯಿತು.

1. ತಪ್ಪು ಕನ್ನಡದ್ದೇ?

ಒಂದರ ಹಿಂದೆ ಇನ್ನೊಂದು ನಡೆದ ಮಾತ್ರಕ್ಕೆ ಮೊದಲನೆಯದೇ ಎರಡನೆಯದಕ್ಕೆ ಕಾರಣವೆನ್ನಲಾಗದು. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸಂಬಂಧ ಇದೆಯೋ ಇಲ್ಲವೋ ಎಂದು ಪರೀಕ್ಷಿಸಿಯೇ ಹೇಳಬೇಕು. ನಾವು ಶಬ್ದಗಳ ಕಡತವನ್ನು ಬೇರೆಡೆಗೆ ಸರಿಸಿ, ಕನ್ನಡದ ಒಂದಕ್ಷರವೂ ಇಲ್ಲದಂತೆ ಮಾಡಿ ಪ್ರೋಗ್ರಾಮನ್ನು ಓಡಿಸಿದೆವು. ಅದೇ ಸಂದೇಶ ಬಂತು. ಕನ್ನಡವನ್ನು ತೆಗೆದರೂ ತಪ್ಪು ಹೋಗಲಿಲ್ಲವಾದ್ದರಿಂದ ತಪ್ಪು ಕನ್ನಡದ್ದಲ್ಲವೆಂದು ಎರಡು ನಿಮಿಷಗಳಲ್ಲಿ ತಿಳಿಯಿತು. ಕನ್ನಡ ಲಿಪಿಯು 1991ರ ಮೊದಲ ಯೂನಿಕೋಡ್ ಆವೃತ್ತಿಯಿಂದಲೇ ಗಣಕಯಂತ್ರದ ಅಕ್ಷರಮಾಲೆಯಲ್ಲಿ ಸ್ಥಾನ ಪಡೆದಿದೆ.

2. ಹಂಚಿಕೆಯ ಲೈಬ್ರರಿ ಎಂದರೇನು?

ನಾವು ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಸಾಧನಕ್ಕೆ ಕಂಪೈಲರ್ ಎಂದು ಹೆಸರು. ಕೇರಳದ ಶಾಲೆಗಳಿಗೆ ಕೈಟ್ ಸಂಸ್ಥೆ ಒದಗಿಸುವ ಗ್ನೂ/ಲಿನಕ್ಸ್ ವ್ಯವಸ್ಥೆಯು ಉಬುಂಟುವಿನ ತಳಹದಿಯ ಮೇಲೆ ನಿಂತಿದೆ. ಅಂತಹ ಯಂತ್ರಗಳಲ್ಲಿ ಸಾಮಾನ್ಯವಾಗಿ ಬಳಸುವ ಕಂಪೈಲರ್ ಜಿಸಿಸಿ. ರಿಚರ್ಡ್ ಸ್ಟಾಲ್ಮನ್ ಅವರು 1987ರಲ್ಲಿ ಇದನ್ನು ಮೊದಲು ಹೊರತಂದರು.

ಅಕ್ಷರ ಮುದ್ರಿಸುವುದು, ಪಟ್ಟಿ ಜೋಡಿಸುವುದು ಮುಂತಾದ ಕೆಲಸಗಳು ಎಲ್ಲ ಪ್ರೋಗ್ರಾಮುಗಳಿಗೂ ಬೇಕು. ಲೆಕ್ಕ ಮಾಡುವ ಪ್ರತಿಯೊಬ್ಬ ಹುಡುಗನೂ ಲಾಗರಿದಮ್ ಕೋಷ್ಟಕವನ್ನೆಲ್ಲ ತನ್ನ ನೋಟುಪುಸ್ತಕದಲ್ಲಿ ನಕಲು ಮಾಡಬೇಕೇ? "ಶಾಲೆಯ ವಾಚನಾಲಯದ ಕೋಷ್ಟಕವನ್ನು ನೋಡಿ" ಎಂದು ಒಂದು ಸಾಲು ಬರೆದರೆ ಸಾಕು. ಹಾಗೆ ಎಲ್ಲರೂ ಸೇರಿ ಬಳಸುವ ಪುಸ್ತಕವೇ ಹಂಚಿಕೆಯ ಲೈಬ್ರರಿ. ಸಿ ಪ್ಲಸ್‌ಪ್ಲಸ್ ಪ್ರೋಗ್ರಾಮುಗಳಿಗೆ ಬೇಕಾದ ಲೈಬ್ರರಿಯ ಹೆಸರಿನ ಕೊನೆಯಲ್ಲಿ 'ಎಸ್‌ಓ 6' ಎಂದಿರುತ್ತದೆ. 2004ರ ಜಿಸಿಸಿ 3.4ರಿಂದ ಈ ಹೆಸರು ಬದಲಾಗಿಲ್ಲ.

ಹೆಸರು ಬದಲಾಗದಿದ್ದರೂ ಒಳಗಿನ ಪಾಠಗಳು ಹೆಚ್ಚುತ್ತ ಬಂದಿವೆ. ಹೊಸ ಆವೃತ್ತಿಯಲ್ಲಿ ಹಳೆಯ ಪಾಠಗಳೆಲ್ಲ ಇರುತ್ತವೆ. ಮೇಲೆ ಕೆಲವು ಹೊಸವು ಸೇರಿರುತ್ತವೆ. ಯಾವ ಪಾಠ ಯಾವಾಗ ಸೇರಿತೆಂದು ತಿಳಿಯಲು ಜಿಲಿಬ್ ಸಿಎಕ್ಸ್‌ಎಕ್ಸ್ ಎಂಬ ಗುರುತಿನೊಡನೆ ಸಂಖ್ಯೆ ಹಾಕುತ್ತಾರೆ. ಜಿಸಿಸಿ 11ರದು 3.4.29, ಜಿಸಿಸಿ 12ರದು 3.4.30, ಜಿಸಿಸಿ 13.2ರದು 3.4.32.

ಆದುದರಿಂದ ಹಳೆಯ ಕಂಪೈಲರಿನಿಂದ ತಯಾರಾದ ಪ್ರೋಗ್ರಾಂ ಹೊಸ ಲೈಬ್ರರಿಯೊಡನೆ ಸಾಮಾನ್ಯವಾಗಿ ಓಡುತ್ತದೆ. ಹೊಸ ಕಂಪೈಲರಿನಿಂದ ತಯಾರಾದದ್ದು ಹಳೆಯ ಲೈಬ್ರರಿಯೊಡನೆ ಓಡದಿರಬಹುದು. ಹೊಸ ಪಾಠವನ್ನು ಹಳೆಯ ಪುಸ್ತಕದಲ್ಲಿ ಹುಡುಕಿದರೆ ಸಿಕ್ಕೀತೇ?

3. ಸಂದೇಶವನ್ನು ಓದುವ ಕ್ರಮ

ಮಕ್ಕಳು ಸಂದೇಶವನ್ನು ಕಂಡು ಹೆದರಿದ್ದರೇ ಹೊರತು ಓದಿರಲಿಲ್ಲ. ಬಿಡಿಸಿ ಓದಿದಾಗ ಅದರಲ್ಲಿ ಮೂರು ಸಂಗತಿಗಳಿದ್ದವು. ಮೊದಲನೆಯದು, ವ್ಯವಸ್ಥೆಯ ಲಿಬ್ ಕೋಶದಲ್ಲಿರುವ ಲೈಬ್ರರಿಯನ್ನು ತೆರೆಯಲಾಯಿತು. ಎರಡನೆಯದು, ಅದರಲ್ಲಿ 3.4.32 ಎಂಬ ಆವೃತ್ತಿ ಸಿಗಲಿಲ್ಲ. ಮೂರನೆಯದು, ಅದನ್ನು ಕೇಳಿದ್ದು ನಮ್ಮ ಪ್ರೋಗ್ರಾಂ. ಪುಸ್ತಕ ಇದೆ, ಪಾಠ ಇಲ್ಲ ಎಂದು ಯಂತ್ರವು ಸ್ಪಷ್ಟವಾಗಿಯೇ ಹೇಳುತ್ತಿತ್ತು.

ನಂತರ ಮೂರು ಪರೀಕ್ಷೆಗಳನ್ನು ಮಾಡಿದೆವು.

(ಅ) 'ಟೈಪ್' ಆಜ್ಞೆಗೆ 'ಎ' ಗುರುತು ಸೇರಿಸಿ, ಜಿ ಪ್ಲಸ್‌ಪ್ಲಸ್ ಎಲ್ಲೆಲ್ಲಿ ಇದೆ ಎಂದು ಕೇಳಿದೆವು. ಎರಡು ಕಡೆ ಇದೆಯೆಂದು ಉತ್ತರ ಬಂತು. ವ್ಯವಸ್ಥೆಯೊಡನೆ ಬಂದ ಜಿಸಿಸಿ 11 ಒಂದು. ಯುಎಸ್‌ಆರ್/ಲೋಕಲ್ ಕೋಶದಲ್ಲಿ ಜಿಸಿಸಿ 13.2 ಇನ್ನೊಂದು. ಎರಡನೆಯದನ್ನು ಬೇಸಿಗೆ ರಜೆಯಲ್ಲಿ ನಾವೇ ಕಲಿಯುವ ಆಸೆಯಿಂದ ಮೂಲದಿಂದ ಕಟ್ಟಿ ಇರಿಸಿದ್ದೆವು. ಆಜ್ಞೆಯನ್ನು ಹುಡುಕುವ ಸಾಲಿನಲ್ಲಿ ಲೋಕಲ್ ಕೋಶವೇ ಮೊದಲಿರುವುದರಿಂದ, ನಮಗರಿವಿಲ್ಲದೆಯೇ ಹೊಸ ಕಂಪೈಲರ್ ಕೆಲಸ ಮಾಡಿತ್ತು.

(ಆ) 'ಎಲ್‌ಡಿಡಿ' ಆಜ್ಞೆಯಿಂದ, ಪ್ರೋಗ್ರಾಂ ಓಡುವಾಗ ಯಾವ ಲೈಬ್ರರಿ ಸಿಗುತ್ತದೆಂದು ನೋಡಿದೆವು. ವ್ಯವಸ್ಥೆಯ ಲೈಬ್ರರಿಯೇ ಸಿಗುತ್ತಿತ್ತು. (ಪರಿಚಯವಿಲ್ಲದವರು ಕೊಟ್ಟ ಪ್ರೋಗ್ರಾಮಿನ ಮೇಲೆ ಈ ಆಜ್ಞೆಯನ್ನು ಪ್ರಯೋಗಿಸಬಾರದು, ಆ ಪ್ರೋಗ್ರಾಮೇ ಓಡಿಬಿಡುವ ಸಂಭವವಿದೆ.)

(ಇ) 'ಸ್ಟ್ರಿಂಗ್ಸ್' ಆಜ್ಞೆಯಿಂದ ಆ ಲೈಬ್ರರಿಯೊಳಗಿನ ಆವೃತ್ತಿಗುರುತುಗಳನ್ನು ಪಟ್ಟಿ ಮಾಡಿದೆವು. 3.4.30ಕ್ಕೆ ಪಟ್ಟಿ ಮುಗಿದಿತ್ತು. ಉಬುಂಟು 22.04ರಲ್ಲಿ ಕಂಪೈಲರ್ 11 ಆದರೂ ಲೈಬ್ರರಿ ಜಿಸಿಸಿ 12ರದು. ನಮಗೆ ಬೇಕಾಗಿದ್ದದ್ದು 3.4.32.

4. ಬೆಳಗ್ಗೆ ಓಡಿದ್ದು ಹೇಗೆ?

ಇದು ಒಬ್ಬ ಹುಡುಗ ಕೇಳಿದ ಒಳ್ಳೆಯ ಪ್ರಶ್ನೆ. ಪ್ರೋಗ್ರಾಮಿಗೆ ಲೈಬ್ರರಿಯ ಸಂಬಂಧ ಎರಡು ಸಲ ಬರುತ್ತದೆ. ತಯಾರಾಗುವಾಗ ಲಿಂಕರ್ ಎಂಬುದು ಹೆಸರುಗಳನ್ನು ಜೋಡಿಸುತ್ತದೆ. ಓಡುವಾಗ ಲೋಡರ್ ಎಂಬುದು ಪುಸ್ತಕವನ್ನು ತಂದುಕೊಡುತ್ತದೆ. ಹೊಸ ಕಂಪೈಲರಿಗೆ ತನ್ನ ಲೈಬ್ರರಿ ಯುಎಸ್‌ಆರ್/ಲೋಕಲ್/ಲಿಬ್64ರಲ್ಲಿ ಇದೆಯೆಂದು ಗೊತ್ತು, ಲೋಡರಿಗೆ ಗೊತ್ತಿಲ್ಲ. ಉಬುಂಟುವಿನಲ್ಲಿ ಲೋಡರ್ ಹುಡುಕುವ ಜಾಗಗಳ ಪಟ್ಟಿಯಲ್ಲಿ ಆ ಕೋಶ ಇರುವುದಿಲ್ಲ.

ಬೆಳಗ್ಗೆ ನಾವು ಆಜ್ಞೆಯ ಕಿಟಕಿಯಲ್ಲಿ 'ಎಲ್‌ಡಿ ಲೈಬ್ರರಿ ಪಾತ್' ಎಂಬ ಸೂಚನೆಯನ್ನು ಕೊಟ್ಟಿದ್ದೆವು. ಇದರಿಂದ ಲೋಡರ್ ಮೊದಲು ಆ ಕೋಶದಲ್ಲಿ ಹುಡುಕುತ್ತದೆ. ಆದರೆ ಕಿಟಕಿ ಮುಚ್ಚಿದೊಡನೆ ಸೂಚನೆಯೂ ಹೋಯಿತು. ಮಧ್ಯಾಹ್ನ ಮಕ್ಕಳು ತೆರೆದದ್ದು ಹೊಸ ಕಿಟಕಿ. ಪಟ್ಟಿ ಸೇರಿಸಿದ್ದೂ ಕಿಟಕಿ ಬದಲಾದದ್ದೂ ಒಂದೇ ಹೊತ್ತಿನಲ್ಲಿ ಆದುದರಿಂದ ಅಪವಾದ ಕನ್ನಡದ ಮೇಲೆ ಬಿತ್ತು. ಅಂದರೆ ಮರೆವು ನಮ್ಮದು. ಮಕ್ಕಳ ತಪ್ಪು ಅದರಲ್ಲಿ ಎಳ್ಳಷ್ಟೂ ಇರಲಿಲ್ಲ.

5. ಪರಿಹಾರಗಳು

ಈ ತೊಂದರೆಗೆ ಹಲವು ದಾರಿಗಳಿವೆ. ಸಂದರ್ಭ ನೋಡಿ ಒಂದನ್ನು ಆರಿಸಬೇಕು.

ಒಂದು: ಹಳೆಯ ಕಂಪೈಲರಿನಿಂದಲೇ ಪೂರ್ತಿ ಮತ್ತೆ ತಯಾರಿಸುವುದು. ಹೊಸ ಕಂಪೈಲರಿನ ವಿಶೇಷ ಸೌಲಭ್ಯಗಳು ಬೇಡವಾದರೆ ಇದೇ ಸುಲಭ.

ಎರಡು: ಎಲ್‌ಡಿ ಲೈಬ್ರರಿ ಪಾತ್ ಕೊಡುವುದು. ಪರೀಕ್ಷೆಗೆ ಒಳ್ಳೆಯದು, ನಿತ್ಯದ ಬಳಕೆಗೆ ಅಲ್ಲ. ಆ ಕಿಟಕಿಯಿಂದ ಓಡಿಸುವ ಬೇರೆ ಪ್ರೋಗ್ರಾಮುಗಳಿಗೂ ಅದು ತಗಲುತ್ತದೆ.

ಮೂರು: 'ಆರ್‌ಪಾತ್' ಎಂಬ ಸೂಚನೆಯಿಂದ ಲೈಬ್ರರಿಯ ವಿಳಾಸವನ್ನು ಪ್ರೋಗ್ರಾಮಿನೊಳಗೇ ಬರೆಸುವುದು. ಆ ವಿಳಾಸದಲ್ಲಿ ಲೈಬ್ರರಿ ಇರುವ ಯಂತ್ರದಲ್ಲಿ ಮಾತ್ರ ಇದು ಫಲಿಸುತ್ತದೆ.

ನಾಲ್ಕು: ಲೈಬ್ರರಿಯನ್ನು ಪ್ರೋಗ್ರಾಮಿನೊಳಗೇ ಸೇರಿಸಿಬಿಡುವುದು, ಅಂದರೆ ಕೋಷ್ಟಕವನ್ನು ನೋಟುಪುಸ್ತಕಕ್ಕೆ ನಕಲು ಮಾಡಿದಂತೆ. ಗಾತ್ರ ಹೆಚ್ಚುತ್ತದೆ, ಆದರೆ ಅದೇ ಬಗೆಯ ಬೇರೆ ಯಂತ್ರಕ್ಕೆ ಒಯ್ಯಲು ಅನುಕೂಲ.

ಐದು: ಹೊಸ ಕೋಶವನ್ನು ಲೋಡರಿನ ಪಟ್ಟಿಗೆ ಸೇರಿಸಿ 'ಎಲ್‌ಡಿಕಾನ್ಫಿಗ್' ಆಜ್ಞೆ ಕೊಡುವುದು. ಇದು ಇಡೀ ಯಂತ್ರಕ್ಕೆ ಸಂಬಂಧಿಸಿದ್ದು, ಅಧ್ಯಾಪಕರಿಲ್ಲದೆ ಮಾಡಬೇಡಿರಿ.

ಎಂದೂ ಮಾಡಬಾರದ ಕೆಲಸವೊಂದಿದೆ. ಒಂದು ಲೈಬ್ರರಿ ಕಡತವನ್ನು ಎಲ್ಲಿಂದಲೋ ತಂದು ವ್ಯವಸ್ಥೆಯ ಲೈಬ್ರರಿಯ ಮೇಲೆ ನಕಲು ಮಾಡುವುದು ಸರಿಯಲ್ಲ. ತಂದದ್ದು ಹಳೆಯದಾಗಿದ್ದರೆ, ಅದನ್ನೇ ನಂಬಿದ ಹತ್ತಾರು ಪ್ರೋಗ್ರಾಮುಗಳು ಒಮ್ಮೆಗೇ ನಿಂತುಹೋಗುತ್ತವೆ.

6. ಮೊದಲ ಪ್ರಯತ್ನ ಸೋತದ್ದು

ನಾವು ಮೊದಲನೆಯ ದಾರಿಯನ್ನೇ ಹಿಡಿದೆವು. ಆದರೂ ಈ ಸಲ ಬೇರೆ ತಪ್ಪು ಬಂತು. ಯಾವುದೋ ಒಂದು ಹೆಸರು ಸಿಗಲಿಲ್ಲವೆಂದು ಲಿಂಕರ್ ದೂರಿತು. ನೋಡಿದರೆ ಬೆಳಗ್ಗೆ ಹೊಸ ಕಂಪೈಲರಿನಿಂದ ತಯಾರಾದ ಒಂದು ಅರ್ಧಸಿದ್ಧ ಕಡತ ಹಾಗೆಯೇ ಉಳಿದಿತ್ತು. ಮುದ್ರಣದ ಸೌಲಭ್ಯವನ್ನು ಆರಂಭಿಸಲು ಅದು ಹೊಸ ಲೈಬ್ರರಿಯ ಪಾಠವನ್ನೇ ಕೇಳುತ್ತಿತ್ತು. ಹೆಸರಿನ ಕೊನೆಗೆ 'ಡಾಟ್ ಓ' ಇರುವ ಕಡತಗಳನ್ನೆಲ್ಲ ಅಳಿಸಿ, ಮೊದಲಿನಿಂದ ತಯಾರಿಸಿದಾಗ ಪ್ರೋಗ್ರಾಂ ಓಡಿತು. ಕಂಪೈಲರ್ ಬದಲಿಸಿದರೆ ಹಳೆಯ ಅರ್ಧಸಿದ್ಧ ಕಡತಗಳನ್ನು ಉಳಿಸಬಾರದೆಂಬುದನ್ನು ಹೀಗೆ ಪೆಟ್ಟು ತಿಂದು ಕಲಿತೆವು.

ಇದಕ್ಕೆ ಹತ್ತಿರದ ಇನ್ನೊಂದು ತೊಂದರೆಯನ್ನೂ ತಿಳಿದಿರಬೇಕು. 2015ರ ಜಿಸಿಸಿ 5ರಲ್ಲಿ ಅಕ್ಷರಸಾಲುಗಳನ್ನು ಇರಿಸುವ ರೀತಿಯೇ ಬದಲಾಯಿತು. ಹಳೆಯ ರೀತಿಯ ಲೈಬ್ರರಿಗೆ ಹೊಸ ರೀತಿಯ ಪ್ರೋಗ್ರಾಮನ್ನು ಜೋಡಿಸಹೋದರೆ, 'ಸಿಎಕ್ಸ್‌ಎಕ್ಸ್11' ಎಂಬ ಗುರುತಿರುವ ಹೆಸರು ಸಿಗಲಿಲ್ಲವೆಂದು ಸಂದೇಶ ಬರುತ್ತದೆ. ಎರಡನ್ನೂ ಒಂದೇ ಕಂಪೈಲರಿನಿಂದ, ಒಂದೇ ರೀತಿಯಲ್ಲಿ ತಯಾರಿಸುವುದೇ ಅದಕ್ಕೆ ಮದ್ದು.

7. ಕನ್ನಡದ ನಿಜವಾದ ಕೆಲಸ

ಸಂಜೆ ಪ್ರೋಗ್ರಾಂ ಓಡಿದ ಮೇಲೆಯೇ ಕನ್ನಡಕ್ಕೆ ನಿಜವಾಗಿ ಸಂಬಂಧಿಸಿದ ಒಂದು ತಪ್ಪು ಕಣ್ಣಿಗೆ ಬಿತ್ತು. ಯಂತ್ರವು ಹಾಲು, ಹಾಳೆ, ಹಾವು, ಹಾಸು ಎಂದು ಜೋಡಿಸಿತ್ತು. ಯೂನಿಕೋಡ್ ಅಂಕೆಗಳಲ್ಲಿ ಳಕಾರವು ಲಕಾರದ ಮಗ್ಗುಲಲ್ಲೇ ಇದೆ. ನಮ್ಮ ಅಕ್ಷರಮಾಲೆಯಲ್ಲಿ ಅದು ಹಕಾರದ ನಂತರ ಬರುತ್ತದೆ. ಆದ್ದರಿಂದ ಹಾಲು, ಹಾವು, ಹಾಸು, ಹಾಳೆ ಎಂಬುದೇ ಸರಿಯಾದ ಕ್ರಮ. ಇದನ್ನು ಕಂಡುಹಿಡಿದವಳು ಇಂಗ್ಲಿಷಿಗೆ ಬದಲಿಸೋಣವೇ ಎಂದು ಕೇಳಿದ ಅದೇ ಹುಡುಗಿ. ತಿದ್ದಿದವಳೂ ಅವಳೇ. ಮರುದಿನ ಅವಳ ಅಜ್ಜಿ ಬಂದು, ಕನ್ನಡಕ ಸರಿಪಡಿಸಿಕೊಂಡು, ಪರದೆಯ ಮೇಲೆ 'ಮುಟ್ಟಾಳೆ' ಎಂಬ ಶಬ್ದವನ್ನು ತಾವೇ ಓದಿದರು.

ಹೆತ್ತವರಲ್ಲಿ ನಮ್ಮದೊಂದು ಮಾತು. ಕನ್ನಡದಲ್ಲಿ ಕಲಿತರೆ ಗಣಕಯಂತ್ರ ತಿಳಿಯುವುದೇ ಎಂದು ನೀವು ಆಗಾಗ ಕೇಳುತ್ತೀರಿ. ಆ ದಿನ ನಾವು ಮಾಡಿದ ಪ್ರಶ್ನೆಗಳೂ ಊಹೆಗಳೂ ತರ್ಕವೂ ಎಲ್ಲ ಕನ್ನಡದಲ್ಲಿಯೇ ನಡೆದವು.

ಅಭ್ಯಾಸ

1. ಹಂಚಿಕೆಯ ಲೈಬ್ರರಿಯಿಂದಾಗುವ ಅನುಕೂಲ ಒಂದನ್ನೂ ತೊಂದರೆ ಒಂದನ್ನೂ ಬರೆಯಿರಿ.
2. ಜಿಸಿಸಿ 11ರಿಂದ ತಯಾರಾದ ಪ್ರೋಗ್ರಾಂ, ಜಿಸಿಸಿ 13.2ರ ಲೈಬ್ರರಿಯೊಡನೆ ಓಡಬಹುದೇ? ಕಾರಣ ಕೊಡಿರಿ.
3. ಲಿಂಕರಿಗೂ ಲೋಡರಿಗೂ ಇರುವ ವ್ಯತ್ಯಾಸವೇನು?
4. ಬಾಳೆ, ಬಾವಿ, ಬಾಲ, ಬಾಸಿಂಗ: ಇವನ್ನು ಅಕಾರಾದಿಯಾಗಿ ಜೋಡಿಸಿರಿ. ಯೂನಿಕೋಡ್ ಅಂಕೆಗಳ ಕ್ರಮದಲ್ಲಿ ಜೋಡಿಸಿದರೆ ಯಾವ ಶಬ್ದದ ಸ್ಥಾನ ತಪ್ಪುತ್ತದೆ?